ರಂಗನತಿಟ್ಟಿನ ರೀವ ಮತ್ತು ಒಂದೂವರೆ ಕಿಲೋ ರಾಗಿ

"ರಂಗನತಿಟ್ಟಿನಲ್ಲಿ ಎಲ್ಲರ ಜತೆ ದೋಣಿಯಲ್ಲಿ ಕೂತು, ಬರೀ 300 ಎಂಎಂ ಲೆನ್ಸಿನಲ್ಲಿ ರೀವ ಹಕ್ಕಿಯ (ರಿವರ್ ಟರ್ನ್) ಫೋಟೋ ತೆಗೀತೀಯಾ? ಸುಮ್ನೆ ದುಡ್ಡು ದಂಡ" ಎಂದಿದ್ದರು ನಮ್ಮ ಗುಂಪಿನವರು. ಈ ಬೇಸಿಗೆಯಲ್ಲಿ ಸಿಕ್ಕಿತು. ಗಂಡು ರೀವ ಹೆಣ್ಣಿಗೆ ಮೀನು ಕೊಡುತ್ತಿದೆ, ಎರಡರ ಕಣ್ಣೂ ಚೂಪಾಗಿ ಬಂದಿವೆ. ಈಗ ಅವರೇ ಸೆಟ್ಟಿಂಗ್ಸ್ ಕೇಳುತ್ತಿದ್ದಾರೆ!

ಅಲ್ಲಿ ನಡುಗಡ್ಡೆಗೆ ಕಾಲಿಡುವ ಹಾಗಿಲ್ಲ, ಏನಿದ್ದರೂ ದೋಣಿಯಿಂದಲೇ. ಮೊದಲು ನಾನೂ ಬಾಡಿಗೆಗೆ 600 ಎಂಎಂ ಲೆನ್ಸು, ಟ್ರೈಪಾಡು, ಪ್ರತ್ಯೇಕ ದೋಣಿ ಅಂತ ಹೋಗಿದ್ದೆ. ಎಲ್ಲಾ ಸೇರಿ ಐದು ಸಾವಿರದ ಹತ್ತಿರ ಆಗಿರಬೇಕು. ದೋಣಿಯವರು ಹುಟ್ಟು ಎಳೆದಾಗಲೆಲ್ಲ ಕುಲುಕು ಟ್ರೈಪಾಡಿನ ಕಾಲು ಹತ್ತಿ ಲೆನ್ಸಿಗೇ ಬರುತ್ತಿತ್ತು. ಕಾರ್ಡ್ ತುಂಬ ಮಸುಕು ಚಿತ್ರ. ಒಂಟಿ ಕಾಲಿನ ಮಾನೊಪಾಡಿನದೂ ಅದೇ ಕತೆ.

ಆಮೇಲೆ ಹಳೇ ಜೀನ್ಸಿನ ಕಾಲು ಕತ್ತರಿಸಿ, ಲೆನ್ಸ್ ಆನಿಸಿಡಲು ಒಂದು ಚೀಲ ಹೊಲಿದೆ. ಅದನ್ನು ದೋಣಿಯ ಅಂಚಿಗಲ್ಲ, ತೊಡೆಯ ಮೇಲೆ ಇಟ್ಟುಕೊಂಡೆ. ಕುಲುಕನ್ನು ಮೈಯೇ ನುಂಗುತ್ತದೆ. ಒಳಗೆ ಏನು ತುಂಬಬೇಕು ಎನ್ನುವುದೇ ದೊಡ್ಡ ಸಂಶೋಧನೆ ಆಯಿತು. ಥರ್ಮಾಕೋಲ್ ಗುಂಡಿನ ಮೇಲೆ ಲೆನ್ಸ್ ನಿಲ್ಲಲಿಲ್ಲ. ಅಕ್ಕಿಗೆ ನೀರು ಸಿಡಿದು ಮುಗ್ಗಲು ಹಿಡಿಯಿತು. ಕಡಲೆಬೇಳೆ ಕರಕರ ಸದ್ದು. ಕೊನೆಗೆ ರಾಗಿ, ಸುಮಾರು ಒಂದೂವರೆ ಕಿಲೋ. ಲೆನ್ಸಿನ ಆಕಾರಕ್ಕೆ ತಕ್ಕಂತೆ ಜಾರಿ ಕೂರುತ್ತದೆ. ಖರ್ಚು ನೂರು ರೂಪಾಯಿ ದಾಟಿಲ್ಲ, ಮನೆಗೆ ಬಂದ ಮೇಲೆ ಬೀಸಿಸಿದರೆ ಮುದ್ದೆಗೂ ಆಯಿತು.

ಹಾರುವ ರೀವದ ಹಿಂದೆ ಕ್ಯಾಮೆರಾ ಓಡಿಸುವುದನ್ನೂ ಬಿಟ್ಟೆ. ಬೇಸಿಗೆಯಲ್ಲಿ ಅವು ಹೊಳೆಯ ಬಂಡೆಗಳ ಮೇಲೆ ಮೊಟ್ಟೆ ಇಡುತ್ತವಲ್ಲ, ಮೀನು ಹಿಡಿದ ಗಂಡು ಹೆಣ್ಣು ಕೂತ ಬಂಡೆಗೇ ಬರುತ್ತದೆ. ಇಳಿಯುವುದು ಗಾಳಿಗೆ ಎದುರಾಗಿ. ಗಾಳಿ ಯಾವ ಕಡೆಯಿಂದ ಎಂದು ನೋಡಿಕೊಂಡು, ಬಂಡೆಗೆ ಮೊದಲೇ ಫೋಕಸ್ ಹಿಡಿದು ಕೂತರೆ ಹಕ್ಕಿಯೇ ಚೌಕಟ್ಟಿನೊಳಗೆ ಬರುತ್ತದೆ. ಶಟರ್ ವೇಗ 1/1600 ಸೆಕೆಂಡಿಗಿಂತ ನಿಧಾನ ಬೇಡ. ಕೊಕ್ಕರೆಗಳಿಗೆ ಇಷ್ಟೆಲ್ಲ ಬೇಕಿಲ್ಲ, ಫೋನಿನಲ್ಲೂ ಬರುತ್ತವೆ.

ದೋಣಿ ಸುತ್ತಿ ಬರುವುದು ಇಪ್ಪತ್ತು ನಿಮಿಷವೋ ಏನೋ. ಅಷ್ಟರಲ್ಲಿ ಯಾರಾದರೂ "ಮೊಸಳೆ!" ಎನ್ನುತ್ತಾರೆ, ಎಲ್ಲರೂ ಒಂದೇ ಕಡೆ ವಾಲುತ್ತಾರೆ, ಫ್ರೇಮಿನಲ್ಲಿ ಬರೀ ಆಕಾಶ. ಅದಕ್ಕೆ ಎಲ್ಲಿ ಕೂರಬೇಕು, ಹುಟ್ಟು ಹಾಕುವವರಿಗೆ ಹತ್ತುವ ಮೊದಲೇ ಏನು ಹೇಳಿಡಬೇಕು ಎನ್ನುವುದು ನನ್ನ ಹತ್ತಿರವೇ ಇರಲಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡೇ ಹೊರಡಿ.