ಹಳೇ ಸ್ಕ್ಯಾನರ್‌ನಲ್ಲಿ ಹುಳಗಳ ಆಯಸ್ಸು ಅಳೆದ ನನ್ನ ಅನುಭವ

ಆಯಸ್ಸಿನ ಪ್ರಯೋಗವನ್ನು ಕೈಯಲ್ಲೇ ಮಾಡಿದವರಿಗೆ ಇದರ ಕಷ್ಟ ಗೊತ್ತು. ಪ್ಲಾಟಿನಂ ತಂತಿಯಿಂದ ಒಂದೊಂದೇ ಸಿ. ಎಲಿಗನ್ಸ್ ಹುಳವನ್ನು (ಲ್ಯಾಬ್‌ಗಳಲ್ಲಿ ಸಾಕುವ ಪುಟಾಣಿ ದುಂಡುಹುಳ) ಮುಟ್ಟಬೇಕು, ಅಲ್ಲಾಡದಿದ್ದರೆ ಸತ್ತಿದೆ ಅಂತ ಬರೆದುಕೊಳ್ಳಬೇಕು. ಭಾನುವಾರ ಲ್ಯಾಬಿಗೆ ಯಾರೂ ಬರಲ್ಲ, ಹಾಗಾಗಿ ನಮ್ಮ ದಾಖಲೆಯಲ್ಲಿ ಹುಳಗಳು ಸೋಮವಾರವೇ ಜಾಸ್ತಿ ಸಾಯುತ್ತಿದ್ದವು!

2013ರಲ್ಲಿ ಸ್ಟ್ರೂಸ್ಟ್ರಪ್ ತಂಡ ಈ ಎಣಿಕೆಯನ್ನು ಕಾಗದ ಸ್ಕ್ಯಾನ್ ಮಾಡುವ ಫ್ಲಾಟ್‌ಬೆಡ್ ಸ್ಕ್ಯಾನರ್‌ಗೆ ಒಪ್ಪಿಸಿತ್ತು: ಗಾಜಿನ ಮೇಲೆ ಹುಳಗಳ ಪ್ಲೇಟ್ ಇಟ್ಟು ಆಗಾಗ ಚಿತ್ರ ತೆಗೆದು, ಹುಳ ಅಲ್ಲಾಡೋದು ಯಾವಾಗ ನಿಂತಿತು ಅಂತ ನೋಡೋದು. ಅದನ್ನೇ ಸೆಕೆಂಡ್ ಹ್ಯಾಂಡ್ ಸ್ಕ್ಯಾನರ್‌ಗಳಲ್ಲಿ ಮಾಡ್ತೀನಿ ಅಂದಾಗ, ಗುಜರಿ ಅಂಗಡಿ ಇಡ್ತೀಯಾ ಅಂತ ನಕ್ಕರು. ಹೊಸ ಸ್ಕ್ಯಾನರ್‌ಗಳ ಖರ್ಚಿನ ಕಾಲು ಭಾಗದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ಮುಗಿದಾಗ ಅರ್ಧ ದಾಟಿತ್ತು.

ಮೊದಲು ಕಾಡಿದ್ದು ಬಿಸಿ. ಇನ್‌ಕ್ಯುಬೇಟರ್ 20 ಡಿಗ್ರಿ ತೋರಿಸುತ್ತೆ, ಆದರೆ ದೀಪ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಓಡಿ ಗಾಜಿನ ಮೇಲೆ 23ರ ಹತ್ತಿರ. ಅಷ್ಟಕ್ಕೇ ಹುಳಗಳು ಬೇಗ ಸತ್ತು ಆಯಸ್ಸಿನ ಗ್ರಾಫ್ ಎಡಕ್ಕೆ ಜಾರುತ್ತೆ. ಸ್ಕ್ಯಾನರ್ ಬಿಚ್ಚಿ ಫ್ಯಾನ್ ಕೂರಿಸಿದೆ, ಆ ಗಾಳಿಗೆ ಅಗರ್ (ಹುಳಗಳು ಓಡಾಡುವ ಜೆಲ್ಲಿ) ಒಣಗಿತು. ಅಗರ್ ದಪ್ಪ ಸುರಿದು ಪ್ಲೇಟ್ ಬಿಗಿಯಾಗಿ ಮುಚ್ಚಿದೆ, ಮುಚ್ಚಳದಲ್ಲಿ ಆವಿ ಕಟ್ಟಿ ಚಿತ್ರದಲ್ಲಿ ಬರೀ ಮಂಜು. ಮುಚ್ಚಳಕ್ಕೆ ಕೊನೆಗೆ ಏನು ಹಚ್ಚಿದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ, ಪೇಪರ್ ಮೊದಲು ಬರಲಿ. ಮಧ್ಯೆ ಒಂದು ಇಡೀ ಬ್ಯಾಚ್ ಬೂಷ್ಟು ಹಿಡಿದು ಹೋಯಿತು. ಇನ್ನೊಂದರಲ್ಲಿ ಅರ್ಧಕ್ಕರ್ಧ ಹುಳಗಳು ಪ್ಲೇಟಿನ ಗೋಡೆ ಹತ್ತಿ ಒಣಗಿದವು, ಎಲ್ಲವನ್ನೂ ಲೆಕ್ಕದಿಂದ ಬಿಡಬೇಕಾಯಿತು.

ದುಡ್ಡು ನುಂಗಿದ್ದು ಹಾರ್ಡ್ ಡಿಸ್ಕ್ ಮತ್ತು ಎಫ್‌ಯುಡಿಆರ್, ಅಂದರೆ ಹುಳಗಳು ಮರಿ ಹಾಕದಂತೆ ತಡೆಯುವ ರಾಸಾಯನಿಕ. ಒಂದು ಸ್ಕ್ಯಾನರ್‌ಗೆ 16 ಪ್ಲೇಟ್, ತಿಂಗಳುಗಟ್ಟಲೆ ಚಿತ್ರ, ಡಿಸ್ಕ್ ಎಷ್ಟಿದ್ದರೂ ಸಾಲದು. ಎಫ್‌ಯುಡಿಆರ್ ಇಲ್ಲದಿದ್ದರೆ ಮರಿಗಳ ಸಂತೆಯಲ್ಲಿ ಮುದಿ ಹುಳ ಕಾಣಲ್ಲ. ಆದರೆ ಕೆಲವು ಮ್ಯೂಟೆಂಟ್‌ಗಳಲ್ಲಿ (ಜೀನ್ ಬದಲಾದ ಹುಳಗಳಲ್ಲಿ) ಆ ರಾಸಾಯನಿಕವೇ ಆಯಸ್ಸು ಬದಲಿಸುತ್ತೆ, ಅದು ನೆನಪಿರಲಿ.

ಕೊನೆಗೆ ಎನ್2 (ಸಾಮಾನ್ಯ ಹುಳ) ಮತ್ತು ಡ್ಯಾಫ್-2 (ಅದೇ ಹೆಸರಿನ ಜೀನ್ ಕುಂದಿರುವ ಮ್ಯೂಟೆಂಟ್) ಅಕ್ಕಪಕ್ಕ ಇಟ್ಟು ಓಡಿಸಿದೆ. ಎನ್2 ಮೀಡಿಯನ್ (ಅರ್ಧದಷ್ಟು ಹುಳ ಸಾಯಲು ಹಿಡಿದ ಕಾಲ) 18 ದಿನದ ಆಸುಪಾಸು, ಡ್ಯಾಫ್-2 ಅದರ ಎರಡರಷ್ಟು. ಸಿಂಥಿಯಾ ಕೆನ್ಯನ್ ತಂಡ 1993ರಲ್ಲಿ ತೋರಿಸಿದ್ದೂ ಅದೇ ತಾನೇ? ನಕ್ಕವರಲ್ಲೇ ಒಬ್ಬರು ಅದೇ ಬ್ಯಾಚಿನ ಹುಳಗಳನ್ನು ಕೈಯಲ್ಲಿ ಎಣಿಸಿದ್ದರು. ಗ್ರಾಫಿನಲ್ಲಿ ಅವರ ಗೆರೆ, ಸ್ಕ್ಯಾನರ್ ಗೆರೆ ಒಂದರ ಮೇಲೊಂದು ಕೂತವು. ಆಮೇಲೆ ಅವರದ್ದೇ ಪ್ಲೇಟ್‌ಗಳು ನನ್ನ ಕ್ಯೂನಲ್ಲಿ ನಿಂತವು.

ಜಾಗ ಖಾಲಿ ಇತ್ತು ಅಂತ ಸುಮ್ನೆ ಸಕ್ಕರೆ ಕಾಯಿಲೆಯ ಔಷಧಿ ಮೆಟ್‌ಫಾರ್ಮಿನ್ ಕೂಡ ನೋಡಿದೆ, 50 ಮಿಲಿಮೋಲಾರ್. ಜೀವಂತ ಇ. ಕೋಲಿ (ಹುಳಗಳಿಗೆ ಆಹಾರವಾಗಿ ಕೊಡುವ ಬ್ಯಾಕ್ಟೀರಿಯಾ) ತಿಂದ ಹುಳಗಳು ಮೂರನೇ ಒಂದು ಭಾಗದಷ್ಟು ಜಾಸ್ತಿ ಬದುಕಿದವು. ಯುವಿಯಲ್ಲಿ ಕೊಂದ ಬ್ಯಾಕ್ಟೀರಿಯಾ ಕೊಟ್ಟಾಗ ಆಯಸ್ಸು ಉಲ್ಟಾ ಕಡಿಮೆಯಾಯಿತು. ಕ್ಯಾಬ್ರೇರೊ ತಂಡ 2013ರಲ್ಲೇ ಇದನ್ನು ಹೇಳಿತ್ತು, ಔಷಧಿ ಬ್ಯಾಕ್ಟೀರಿಯಾ ಮೂಲಕ ಕೆಲಸ ಮಾಡುತ್ತೆ ಅಂತ. ಆದರೂ ಕಣ್ಣಾರೆ ನೋಡಿದ ಮೇಲೆ, ಏನು ತಿನ್ನಿಸಿದರು ಅಂತ ಬರೆಯದ ಯಾವ ಔಷಧಿ ಫಲಿತಾಂಶವನ್ನೂ ನಾನು ನಂಬಲ್ಲ.

ನನಗೆ ಹೆಚ್ಚು ಇಷ್ಟವಾಗಿದ್ದು ಬೇರೆ. ಹುಳ ಓಡಾಡೋದನ್ನು ಯಾವಾಗ ನಿಲ್ಲಿಸಿತು, ಬರೀ ತಲೆ ಆಡಿಸುತ್ತಾ ಎಷ್ಟು ದಿನ ಬಿದ್ದಿತ್ತು, ಎರಡನ್ನೂ ಚಿತ್ರಗಳಲ್ಲಿ ಬೇರೆ ಬೇರೆ ಅಳೆಯಬಹುದು. ನನ್ನ ಡ್ಯಾಫ್-2ಗಳಿಗೆ ಸಿಕ್ಕ ಹೆಚ್ಚುವರಿ ದಿನಗಳಲ್ಲಿ ಸಾಕಷ್ಟು ಪಾಲು ಹಾಗೆ ಬಿದ್ದುಕೊಂಡೇ ಕಳೆದದ್ದು. ಬರೀ ಸಾವಿನ ದಿನ ಎಣಿಸಿದರೆ ಇದು ತಪ್ಪಿಹೋಗುತ್ತೆ. ಈಗ ರಾಪಮೈಸಿನ್ ಅನ್ನೋ ಇನ್ನೊಂದು ಔಷಧಿ ಹಾಕಿದ ಪ್ಲೇಟ್‌ಗಳಲ್ಲೂ ಇದನ್ನೇ ಅಳೆಯುತ್ತಿದ್ದೇನೆ, ಡಿಸ್ಕ್ ತುಂಬುವವರೆಗೆ.