ಮರದ ಬಣ್ಣಕ್ಕೆ ನೀರೋ, ಸ್ಪಿರಿಟ್ಟೋ?

ಮರಕ್ಕೆ ಹಚ್ಚುವ ಬಣ್ಣವನ್ನು ಯಾವುದರಲ್ಲಿ ಕರಗಿಸಬೇಕು ಎಂಬುದನ್ನು ನಾನು ಬಣ್ಣ ನೋಡಿ ತೀರ್ಮಾನಿಸುವುದಿಲ್ಲ, ಅದರ ಮೇಲೆ ಬರುವ ಪಾಲಿಶ್ ನೋಡಿ ತೀರ್ಮಾನಿಸುತ್ತೇನೆ. ಫ್ರೆಂಚ್ ಪಾಲಿಶ್ ಎಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಸ್ಪಿರಿಟ್ ಬಣ್ಣದ ಮೇಲೆ ಅದನ್ನು ಬಟ್ಟೆಯಲ್ಲಿ ಎಳೆದರೆ ಕೆಳಗಿನ ಬಣ್ಣವೂ ಕರಗಿ ಬಟ್ಟೆಯ ಜೊತೆಯೇ ಹೊರಡುತ್ತದೆ. ಹಲಗೆಯ ಮೇಲೆ ಪಟ್ಟೆಗಳು ಉಳಿಯುತ್ತವೆ. ಥಿನ್ನರ್ ಬೆರೆಸಿ ಬ್ರಶ್ಶಿನಲ್ಲಿ ಹೊಡೆಯುವ ಪಾಲಿಶಿನದೂ ಹೆಚ್ಚುಕಡಿಮೆ ಇದೇ ಕತೆ. ಇಂಥ ಕೆಲಸಕ್ಕೆ ನೀರಿನ ಬಣ್ಣವೇ ಸರಿ. ನೀರಿನಲ್ಲಿ ಕಲಸುವ ಪಿಯು (ಪಾಲಿಯುರೆಥೇನ್ ಪಾಲಿಶ್) ಹೊಡೆಯುವುದಾದರೆ ಲೆಕ್ಕ ತಿರುಗುಮುರುಗು: ಆಗ ಸ್ಪಿರಿಟ್ ಬಣ್ಣ ಹಾಕುತ್ತೇನೆ. ನೀರಿನ ಬಣ್ಣವನ್ನೇ ಹಾಕಬೇಕಾಗಿ ಬಂದರೆ, ನಡುವೆ ಮೇಣ ತೆಗೆದ ಅರಗಿನ ತೆಳುವಾದ ಒಂದು ಕೋಟ್ ಸ್ಪ್ರೇ ಮಾಡಿ ಬಣ್ಣವನ್ನು ಕಟ್ಟಿಹಾಕುತ್ತೇನೆ.

ಕಟಪಾಡಿ, ಕಾಪು ಕಡೆಯ ಮನೆಗಳಿಂದ ನನಗೆ ಹೆಚ್ಚಾಗಿ ಬರುವುದು ಹಲಸು ಮತ್ತು ತೇಗ. ನೀರಿನ ಬಣ್ಣ ಎಂದೊಡನೆ ಮರಗೆಲಸದ ಆಚಾರಿಯವರು ಮುಖ ಗಂಟು ಹಾಕಿಕೊಳ್ಳುತ್ತಾರೆ. "ಇಷ್ಟು ನಯ ಮಾಡಿ ಕೊಟ್ಟಿದ್ದೇನೆ, ನೀರು ಮುಟ್ಟಿಸಿದರೆ ಮತ್ತೆ ಒರಟಾಗುತ್ತದೆ ಮಾರಾಯರೇ" ಎನ್ನುತ್ತಾರೆ. ಅವರ ಮಾತು ನಿಜ, ನೀರು ಕುಡಿದ ನಾರು ಉಬ್ಬಿ ಎದ್ದು ನಿಲ್ಲುತ್ತದೆ. ಹಾಗಾಗಿ ಅದನ್ನು ನಾನೇ ಮೊದಲು ಎಬ್ಬಿಸಿಬಿಡುತ್ತೇನೆ. ಒದ್ದೆ ಬಟ್ಟೆಯಲ್ಲಿ ಇಡೀ ಹಲಗೆ ಒರೆಸಿ, ರಾತ್ರಿಯಿಡೀ ಒಣಗಲು ಬಿಟ್ಟು, ಎದ್ದ ನಾರನ್ನಷ್ಟೇ 320 ನಂಬರಿನ ಉಜ್ಜುಕಾಗದದಲ್ಲಿ ಕೈ ಭಾರ ಬೀಳದಂತೆ ಸವರಿ ತೆಗೆಯುತ್ತೇನೆ. ಆಮೇಲೆ ಬಣ್ಣ ಹಚ್ಚಿದಾಗ ಅದು ಏಳುವುದು ತೀರಾ ಕಡಿಮೆ. ಮಳೆಗಾಲದಲ್ಲಿ ಈ ಒಣಗುವ ಹೊತ್ತಿಗೆ ಆತುರ ಮಾಡುವ ಹಾಗಿಲ್ಲ.

ನೀರು ಎಂದರೆ ಬಾವಿಯ ನೀರಲ್ಲ. ನಮ್ಮದು ಮುರಕಲ್ಲಿನ ನೆಲ, ಅದರ ಕೆಂಪೇ ಕಬ್ಬಿಣ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಅದು ಮರದ ಒಗರಿನ ಜೊತೆ ಸೇರಿ ನೀಲಿಗಪ್ಪು ಕಲೆ ಮಾಡುತ್ತದೆ, ಆ ಕಲೆ ಸುಲಭಕ್ಕೆ ಹೋಗುವುದಿಲ್ಲ. ಆದ್ದರಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೇ ತರುತ್ತೇನೆ. ಒಂದು ಲೀಟರಿಗೆ ಸುಮಾರು 30 ಗ್ರಾಂ ಪುಡಿ; ನೀರು ಬಿಸಿಯಾಗಿರಬೇಕು, ಕುದಿಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ತಣಿದ ಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ಸೋಸುತ್ತೇನೆ. ಕಬ್ಬಿಣದ ಡಬ್ಬಿಯನ್ನು ಹತ್ತಿರ ಸೇರಿಸುವುದಿಲ್ಲ.

ದೊಡ್ಡ ಊಟದ ಮೇಜಿನಂಥ ಹಲಗೆಗೆ ನೀರಿಗಿಂತ ಒಳ್ಳೆಯದು ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಣ್ಣವನ್ನು ಧಾರಾಳವಾಗಿ ಸುರಿದು ತೋಯಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯ ದಿಕ್ಕಿನಲ್ಲಿ ಉದ್ದಕ್ಕೆ ಒರೆಸುತ್ತೇನೆ. ಅಂಚು ಒದ್ದೆಯಾಗಿರುವಷ್ಟು ಹೊತ್ತೂ ಸರಿಪಡಿಸಲು ಅವಕಾಶ ಇರುತ್ತದೆ. ಸ್ಪಿರಿಟ್ ಆ ಅವಕಾಶ ಕೊಡುವುದಿಲ್ಲ. ಕೈ ಮೇಜಿನ ಆ ತುದಿ ಮುಟ್ಟುವ ಮೊದಲೇ ಈ ತುದಿ ಒಣಗಿ, ಬಣ್ಣದ ಮೇಲೆ ಬಣ್ಣ ಬಿದ್ದ ಕಡೆ ಕಪ್ಪು ಗೆರೆ ಕೂರುತ್ತದೆ. ತೇಗದಲ್ಲಿ ಮಾತ್ರ ನೀರು ಹಿಂಜರಿಯುತ್ತದೆ, ಏಕೆಂದರೆ ಅದು ಎಣ್ಣೆಯ ಮರ. ಮೊದಲು ಥಿನ್ನರಿನಲ್ಲಿ ಒರೆಸಿಕೊಂಡು ಶುರು ಮಾಡುತ್ತೇನೆ. ಕೊಂಡದ್ದು ನೀರಿಗೂ ಸ್ಪಿರಿಟ್ಟಿಗೂ ಹೊಂದುವ ದ್ರವ ಬಣ್ಣವಾದರೆ, ನೀರಿಗೆ ಸ್ವಲ್ಪ ಸ್ಪಿರಿಟ್ ಬೆರೆಸಿದರೂ ಸಾಕು, ಹನಿ ಕಟ್ಟದೆ ಹರಡುತ್ತದೆ.

ಸ್ಪಿರಿಟ್ ಬಣ್ಣವನ್ನು ನಾನು ಇಟ್ಟುಕೊಂಡಿರುವುದು ಸ್ಪ್ರೇ ಗನ್ನಿಗೆ. ಕುರ್ಚಿಯ ಸಣ್ಣ ಕಡ್ಡಿಗಳು, ಕೆತ್ತನೆಯ ಸಂದುಗಳು, ಛಾಯೆ ಹೊಂದದ ಎರಡು ಹಲಗೆಗಳ ಕೂಡು, ಇಲ್ಲೆಲ್ಲ ಬೇಗ ಒಣಗುವ ಗುಣವೇ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಗುಣ ಮೇಲಿನ ಪಾಲಿಶಿಗೆ ಮುಳುವಾಗುತ್ತದೆ. ಸ್ಪಿರಿಟ್, ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು, ಪಾಲಿಶ್ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಅಂಥ ದಿನ ಲ್ಯಾಕರ್ (ಥಿನ್ನರ್ ಬೆರೆಸುವ ಪಾಲಿಶ್) ಹೊಡೆಯಲೇಬೇಕಾದರೆ ನಿಧಾನವಾಗಿ ಆರುವ ರಿಟಾರ್ಡರ್ ಸೇರಿಸುತ್ತೇನೆ, ಇಲ್ಲದಿದ್ದರೆ ಮಳೆ ಬಿಡುವವರೆಗೆ ಕಾಯುತ್ತೇನೆ.

ಸ್ಪಿರಿಟ್ ಕೆಲಸದಲ್ಲಿ ಬೆಂಕಿಯ ಮಾತನ್ನು ಹುಡುಗರಿಗೆ ಗದರಿಯಾದರೂ ಹೇಳುತ್ತೇನೆ. ಸ್ಪಿರಿಟ್ ಎಂದರೆ ಮುಖ್ಯವಾಗಿ ಎಥನಾಲ್; ಶುದ್ಧ ಎಥನಾಲಿನ ಆವಿ ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿಗೆ ಹೊತ್ತಿಕೊಳ್ಳಬಲ್ಲದು. ನಮ್ಮ ಕರಾವಳಿಯ ಕೊಟ್ಟಿಗೆ ಯಾವ ತಿಂಗಳಲ್ಲೂ ಅದಕ್ಕಿಂತ ಬೆಚ್ಚಗೇ ಇರುತ್ತದೆ. ಕೆಲವು ಸ್ಪಿರಿಟ್ಟಿನಲ್ಲಿ ಮೆಥನಾಲ್ ಇರುತ್ತದೆ, ಅದು ಉಸಿರಿನಲ್ಲೂ ಚರ್ಮದಲ್ಲೂ ಒಳಗೆ ಹೋಗುವ ವಿಷ. ಕೈಗವಸು ಹಾಕದೆ, ಕಿಟಕಿ ತೆರೆಯದೆ ಡಬ್ಬಿಯ ಮುಚ್ಚಳ ತೆಗೆಯಲು ನಾನು ಬಿಡುವುದಿಲ್ಲ.

ಯಾವುದರಲ್ಲಿ ಕರಗಿಸಿದರೂ, ಬಣ್ಣ ಒಣಗಿದಾಗ ಸತ್ತಂತೆ ಮಂಕಾಗಿ ಕಾಣುತ್ತದೆ. ಗಾಬರಿಯಾಗಿ ಇನ್ನೊಂದು ಕೈ ಹಚ್ಚುವವರೇ ಹೆಚ್ಚು. ಒದ್ದೆಯಾಗಿದ್ದಾಗ ಕಂಡ ಛಾಯೆಯೇ ಪಾಲಿಶಿನ ಕೆಳಗೆ ತಿರುಗಿ ಬರುತ್ತದೆ. ಅದಕ್ಕಾಗಿ ಅದೇ ಹಲಗೆಯ ತುಂಡೊಂದರ ಮೇಲೆ ಬಣ್ಣ, ಸೀಲರ್ (ಬಣ್ಣವನ್ನು ಕಟ್ಟಿಹಾಕುವ ಕೋಟ್), ಪಾಲಿಶ್ ಎಲ್ಲ ಮುಗಿಸಿ ಮನೆಯವರಿಗೆ ತೋರಿಸುತ್ತೇನೆ. ಹಲಸಾದರೆ ಅವರು ಒಪ್ಪಿದ್ದಕ್ಕಿಂತ ತುಸು ತಿಳಿಯಾಗಿಯೇ ನಿಲ್ಲಿಸುತ್ತೇನೆ, ಏಕೆಂದರೆ ಅದರ ಹೊಸ ಹಳದಿ ಬೆಳಕಿಗೆ ತಾನಾಗಿ ಕಂದಾಗುತ್ತಾ ಹೋಗುತ್ತದೆ. ಪಡುವಣ ಬಿಸಿಲು ನೇರ ಬೀಳುವ ಕಡಲ ಬದಿಯ ಮನೆಗಳಿಗೆ ಹಳೆಯ ಮಾದರಿಯ ಸ್ಪಿರಿಟ್ ಪುಡಿ ಕೊಡುವುದೇ ಇಲ್ಲ, ಅದು ಬೇಗ ಮಾಸುತ್ತದೆ. ಅಲ್ಲಿಗೆ ಲೋಹ ಸೇರಿದ ದ್ರವ ಬಣ್ಣ. ಬೆಲೆ ಹೆಚ್ಚು, ಆದರೆ ಬಿಸಿಲಿಗೆ ಹೆಚ್ಚು ಕಾಲ ತಡೆಯುತ್ತದೆ.