ಪೆಟ್ಟಿಗೆಯೋ, ಪ್ಲಗಿನ್ನೋ? ಗಿಟಾರ್ ಧ್ವನಿಮುದ್ರಣಕ್ಕೆ ಆಂಪ್ ಮಾಡೆಲಿಂಗ್ ಆರಿಸಿಕೊಳ್ಳುವ ಕ್ರಮ

ತುಮಕೂರಿನ ಬಿ.ಎಚ್. ರಸ್ತೆಯ ಅಡ್ಡರಸ್ತೆಯೊಂದರಲ್ಲಿ, ಮೊದಲ ಮಹಡಿಯ ಮೇಲೆ ನನ್ನ ಪುಟ್ಟ ಧ್ವನಿಮುದ್ರಣ ಕೋಣೆಯಿದೆ. ಗಿಟಾರಿನ ಧ್ವನಿಯನ್ನು ಹಿಗ್ಗಿಸುವ ವಾಲ್ವ್ ಆಂಪ್ ಒಂದನ್ನು ಜೋರಾಗಿ ಹಚ್ಚಿ ಅದರ ಮುಂದೆ ಮೈಕ್ ನಿಲ್ಲಿಸುವುದು ಇಲ್ಲಿ ಆಗದ ಮಾತು. ಕೆಳಗೆ ಬಸ್ಸುಗಳ ಹಾರ್ನು, ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳು. ಆದ್ದರಿಂದ ಇಲ್ಲಿಗೆ ಬರುವ ಗಿಟಾರ್ ವಾದಕರೆಲ್ಲರೂ ಆಂಪ್‌ನ ವರ್ತನೆಯನ್ನು ಲೆಕ್ಕಾಚಾರದ ಮೂಲಕ ಅನುಕರಿಸುವ ಮಾಡೆಲಿಂಗ್ ತಂತ್ರವನ್ನೇ ನೆಚ್ಚಿಕೊಂಡಿದ್ದಾರೆ. ಕೆಲವರು ಕಾಲಿನ ಬಳಿ ಇಟ್ಟುಕೊಳ್ಳುವ ಪ್ರೊಸೆಸರ್ ಎಂಬ ಪೆಟ್ಟಿಗೆ ತರುತ್ತಾರೆ, ಕೆಲವರು ಲ್ಯಾಪ್‌ಟಾಪಿನೊಳಗೆ ಪ್ಲಗಿನ್, ಅಂದರೆ ಧ್ವನಿಮುದ್ರಣ ತಂತ್ರಾಂಶಕ್ಕೆ ಜೋಡಿಸುವ ಕಿರುತಂತ್ರಾಂಶ, ಹಾಕಿಕೊಂಡು ಬರುತ್ತಾರೆ. ಎರಡರಲ್ಲಿ ಯಾವುದನ್ನು ಕೊಳ್ಳಬೇಕೆಂದು ತಿಂಗಳುಗಟ್ಟಲೆ ವಿಡಿಯೊ ನೋಡಿ, ಕೊನೆಗೆ ತಮ್ಮ ಕೆಲಸಕ್ಕೆ ಒಗ್ಗದ್ದನ್ನು ಕೊಂಡು ತಂದವರನ್ನು ಬಹಳ ಮಂದಿ ಕಂಡಿದ್ದೇನೆ.

ಅವರೆಲ್ಲರೂ ಮಾಡುವ ತಪ್ಪು ಒಂದೇ: ಯಾವುದರ ಧ್ವನಿ ಚೆನ್ನ ಎಂದು ಕೇಳುವುದು. ಲೈನ್ 6 ಸಂಸ್ಥೆಯ ಪಾಡ್ ಎಂಬ ಕೆಂಪು ಮಾಡೆಲಿಂಗ್ ಪೆಟ್ಟಿಗೆ 1998ರಲ್ಲಿ ಬಂದಾಗ ಆ ಪ್ರಶ್ನೆಗೆ ಅರ್ಥವಿತ್ತು. ಅದೇ ಸಂಸ್ಥೆ 2015ರಲ್ಲಿ ಹೀಲಿಕ್ಸ್ ಎಂಬ ಪ್ರೊಸೆಸರನ್ನು ತಂದು, 2017ರಲ್ಲಿ ಅದರ ಆಂಪ್ ಮಾದರಿಗಳನ್ನೇ ಹೀಲಿಕ್ಸ್ ನೇಟಿವ್ ಎಂಬ ಪ್ಲಗಿನ್ ಆಗಿಯೂ ಮಾರಾಟಕ್ಕಿಟ್ಟ ಮೇಲೆ ಆ ಪ್ರಶ್ನೆಯ ಜೀವ ಹೋಯಿತು. ನಿಜವಾದ ಆಂಪ್‌ನ ಪ್ರತಿಕ್ರಿಯೆಯನ್ನು ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸಿ ಸೆರೆಹಿಡಿಯುವ ನ್ಯೂರಲ್ ಆಂಪ್ ಮಾಡೆಲರ್ ಎಂಬ ತಂತ್ರಾಂಶ ಈಗ ಬಿಡಿಗಾಸಿನ ಖರ್ಚಿಲ್ಲದೆ ಸಿಗುತ್ತದೆ. ಇಂದು ನಿರ್ಧರಿಸಬೇಕಾದದ್ದು ಧ್ವನಿಯನ್ನಲ್ಲ. ನಿಮ್ಮ ಲ್ಯಾಪ್‌ಟಾಪ್ ನಿಮ್ಮ ಕೈಯ ವೇಗಕ್ಕೆ ಸರಿಸಮವಾಗಿ ಓಡಬಲ್ಲುದೇ ಎಂಬುದನ್ನು.

ಹಂತ 1: ವೇದಿಕೆಯ ಲೆಕ್ಕ ಮುಗಿಸಿ

ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ನುಡಿಸುವವರಾದರೆ ಪ್ರೊಸೆಸರನ್ನೇ ಕೊಳ್ಳಿ. ಪೆಂಡಾಲಿನ ಧೂಳಿಗೆ, ಜನರೇಟರಿನ ಕರೆಂಟಿಗೆ ಲ್ಯಾಪ್‌ಟಾಪನ್ನು ಒಡ್ಡುವುದು ಬುದ್ಧಿವಂತಿಕೆಯಲ್ಲ. ಮನೆಯಲ್ಲಿ ಕುಳಿತು ಹಾಡು ಕಟ್ಟುವವರು ಮುಂದೆ ಓದಿ.

ಹಂತ 2: ಗಿಟಾರನ್ನು ಸರಿಯಾದ ತೂತಿಗೆ ಚುಚ್ಚಿ

ಪ್ಲಗಿನ್ ಬಳಸಲು ಆಡಿಯೊ ಇಂಟರ್‌ಫೇಸ್, ಅಂದರೆ ನಮ್ಮ ಹುಡುಗರು ಸೌಂಡ್ ಕಾರ್ಡ್ ಎನ್ನುವ ಪೆಟ್ಟಿಗೆ ಬೇಕು. ಅದರಲ್ಲಿ ಗಿಟಾರ್ ಚಿತ್ರವಿರುವ ಅಥವಾ ಇನ್‌ಸ್ಟ್ರುಮೆಂಟ್ ಎಂದು ಬರೆದಿರುವ ಗುಂಡಿಯನ್ನು ಒತ್ತುವುದನ್ನೇ ಅರ್ಧ ಮಂದಿ ಮರೆಯುತ್ತಾರೆ. ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಪಿಕಪ್‌ನಿಂದ ಹೊರಡುವ ಸಂಕೇತ ಬಹಳ ದುರ್ಬಲವಾದದ್ದು. ಅದಕ್ಕೆ ಎದುರಾಗಿ 10 ಲಕ್ಷ ಓಮ್, ಅಂದರೆ 1 ಮೆಗಾಓಮ್ ಆಸುಪಾಸಿನ ಪ್ರತಿರೋಧವಿದ್ದರೆ ಮಾತ್ರ ತಂತಿಯ ಮೇಲಿನ ಹೊಳಪು ಉಳಿಯುತ್ತದೆ. ಸಾಮಾನ್ಯ ಲೈನ್ ಇನ್‌ಪುಟ್‌ನಲ್ಲಿ ಅದು ಸುಮಾರು 10 ಸಾವಿರ ಓಮ್ ಮಾತ್ರ ಇರುವುದರಿಂದ, ಅಲ್ಲಿ ಚುಚ್ಚಿದ ಗಿಟಾರ್ ಕಂಬಳಿ ಹೊದ್ದು ಹಾಡಿದಂತೆ ಕೇಳಿಸುತ್ತದೆ. ಆಗ ಎಲ್ಲರೂ ಬಯ್ಯುವುದು ಪ್ಲಗಿನ್ನನ್ನು.

ಮಟ್ಟ ಹೊಂದಿಸುವುದು ಸುಲಭ. ಅತಿ ಜೋರಾಗಿ ಸ್ಟ್ರಮ್ ಮಾಡಿದಾಗಲೂ ಮೀಟರ್ ಮೈನಸ್ 12 ಡೆಸಿಬಲ್ ಸುತ್ತ ನಿಲ್ಲುವಂತೆ ಸೌಂಡ್ ಕಾರ್ಡಿನ ಗೇನ್ ಗುಂಡಿ ತಿರುಗಿಸಿ. ಕೆಂಪು ದೀಪ ಹತ್ತಿದರೆ ಆ ಟೇಕ್ ಕೆಟ್ಟಂತೆಯೇ. ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ಗಿಟಾರ್ ಜ್ಯಾಕ್ ಇರುವ ಅಗ್ಗದ ಕೇಬಲ್‌ಗಳನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡು ಬರುವವರು ಈಗಲೂ ಇದ್ದಾರೆ. ನನ್ನ ಕೈಗೆ ಬಂದ ಒಂದೂ ಗುಂಯ್‌ಗುಡದೆ ಇದ್ದದ್ದಿಲ್ಲ. ಆ ಹಣವನ್ನು ಗಿಟಾರಿನ ತಂತಿಗೆ ಹಾಕಿ.

ಹಂತ 3: ತಡವನ್ನು ಅಳೆಯಿರಿ (ಇದನ್ನು ಬಿಟ್ಟು ಏನನ್ನೂ ಕೊಳ್ಳಬೇಡಿ)

ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ತನ್ನ ಲ್ಯಾಪ್‌ಟಾಪ್ ತಂದು ನುಡಿಸತೊಡಗಿದ. ಸ್ಟ್ರಮ್ಮಿಂಗ್ ಮಾಡುವಾಗ ಪರವಾಗಿರಲಿಲ್ಲ. ವೇಗದ ಲೀಡ್ ಬಂದ ಕೂಡಲೇ ತಾಳಕ್ಕಿಂತ ಮುಂದೆ ಓಡುತ್ತಿದ್ದ. ನಾಲ್ಕು ಸಲ ನುಡಿಸಿ, "ಸಾರ್, ನಿಮ್ಮ ಕ್ಲಿಕ್ಕೇ ಸರಿಯಿಲ್ಲ" ಎಂದ. ತಾಳ ತೋರಿಸುವ ಆ ಕ್ಲಿಕ್ ಸದ್ದು ಸರಿಯಾಗಿಯೇ ಇತ್ತು. ತನ್ನ ಧ್ವನಿ ತನಗೆ ತಡವಾಗಿ ಕೇಳುತ್ತಿದ್ದುದರಿಂದ, ಅದನ್ನು ತಾಳಕ್ಕೆ ಕೂಡಿಸಲು ಕೈ ತಾನಾಗಿಯೇ ಮುಂಚಿತವಾಗಿ ಬೀಳುತ್ತಿತ್ತು. ಇದಕ್ಕೇ ಲೇಟೆನ್ಸಿ ಎನ್ನುವುದು.

ಕಂಪ್ಯೂಟರ್ ಧ್ವನಿಯನ್ನು ಹನಿಹನಿಯಾಗಿ ಅಲ್ಲ, ಬಿಂದಿಗೆ ಬಿಂದಿಗೆಯಾಗಿ ಸಾಗಿಸುತ್ತದೆ. ಆ ಬಿಂದಿಗೆಯ ಗಾತ್ರವೇ ಬಫರ್. ಧ್ವನಿಯನ್ನು ಸೆಕೆಂಡಿಗೆ 48,000 ಬಾರಿ ಅಳೆಯುವ, ಅಂದರೆ 48,000 ಸ್ಯಾಂಪಲ್ ವೇಗದಲ್ಲಿ 128 ಸ್ಯಾಂಪಲ್‌ಗಳ ಬಫರ್ ತುಂಬಲು ಸುಮಾರು 2.7 ಮಿಲಿಸೆಕೆಂಡು ಬೇಕು, 256ಕ್ಕೆ 5.3, 512ಕ್ಕೆ 10.7. ಧ್ವನಿ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಇನ್ನೊಮ್ಮೆ ಬಿಂದಿಗೆ ತುಂಬಬೇಕಾದ್ದರಿಂದ ಈ ಅಂಕಿಯನ್ನು ಇಮ್ಮಡಿ ಮಾಡಿ, ಡ್ರೈವರ್ (ಸೌಂಡ್ ಕಾರ್ಡನ್ನು ಕಂಪ್ಯೂಟರಿಗೆ ಬೆಸೆಯುವ ತಂತ್ರಾಂಶ) ಮತ್ತು ಪರಿವರ್ತಕಗಳ ಪಾಲನ್ನೂ ಸೇರಿಸಿಕೊಳ್ಳಬೇಕು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಆಂಪ್‌ನಿಂದ 3 ಮೀಟರ್ ದೂರ ನಿಂತವನಿಗೂ ಸುಮಾರು 9 ಮಿಲಿಸೆಕೆಂಡು ತಡವಾಗಿಯೇ ಕೇಳುತ್ತದೆ. ಅಷ್ಟನ್ನು ಕೈ ಸಹಿಸುತ್ತದೆ. 20 ಆದರೆ ಸಹಿಸದು.

ತಂತ್ರಾಂಶ ತೋರಿಸುವ ಲೇಟೆನ್ಸಿ ಅಂಕಿಯನ್ನು ನಾನು ನಂಬುವುದಿಲ್ಲ, ಏಕೆಂದರೆ ಅದು ಡ್ರೈವರ್ ಹೇಳಿಕೊಂಡ ಲೆಕ್ಕ. ನಿಮ್ಮ ಮೊಬೈಲಿನಿಂದಲೇ ಅಳೆಯಬಹುದು. ಪ್ಲಗಿನ್‌ನಲ್ಲಿ ಎಕೋ, ರಿವರ್ಬ್ ತೆಗೆದು ಸಾದಾ ಕ್ಲೀನ್ ಧ್ವನಿ ಇಟ್ಟುಕೊಳ್ಳಿ. ಹೆಡ್‌ಫೋನಿನ ಒಂದು ಬಟ್ಟಲನ್ನು ಗಿಟಾರಿನ ತಂತಿಗಳ ಪಕ್ಕಕ್ಕೆ ತಂದು, ಎರಡರ ನಡುವೆ ಮೊಬೈಲಿನ ಮೈಕ್ ಇರುವಂತೆ ಇಟ್ಟು ರೆಕಾರ್ಡ್ ಒತ್ತಿ. ಎಡಗೈಯಿಂದ ತಂತಿಗಳನ್ನು ಅದುಮಿ ಹಿಡಿದು ಪಿಕ್‌ನಿಂದ ಒಮ್ಮೆ ಟಕ್ಕೆಂದು ಹೊಡೆಯಿರಿ. ಹೀಗೆ ಐದು ಸಲ. ಆ ಕಡತವನ್ನು ಧ್ವನಿಮುದ್ರಣ ತಂತ್ರಾಂಶಕ್ಕೆ ಹಾಕಿ ಹಿಗ್ಗಿಸಿ ನೋಡಿದರೆ, ಪ್ರತಿ ಹೊಡೆತಕ್ಕೂ ಎರಡು ಮುಳ್ಳು ಕಾಣುತ್ತವೆ: ಮೊದಲನೆಯದು ತಂತಿಯ ಮೇಲೆ ಪಿಕ್ ತಾಗಿದ ಸದ್ದು, ಎರಡನೆಯದು ಅದೇ ಹೊಡೆತ ಲ್ಯಾಪ್‌ಟಾಪನ್ನು ಸುತ್ತಿಕೊಂಡು ಹೆಡ್‌ಫೋನಿನಿಂದ ಹೊರಬಿದ್ದದ್ದು. ಎರಡರ ನಡುವಣ ಅಂತರವೇ ನಿಮ್ಮ ನಿಜವಾದ ಲೇಟೆನ್ಸಿ. ಮೇಲೆ ಹೇಳಿದ ಹುಡುಗನ ಲ್ಯಾಪ್‌ಟಾಪಿನಲ್ಲಿ ಅದು 31 ಮಿಲಿಸೆಕೆಂಡು ಇತ್ತು. ಅವನ ಸೌಂಡ್ ಕಾರ್ಡ್ ತಯಾರಕರದೇ, ತಡ ತಗ್ಗಿಸುವ ಆಸಿಯೊ ಡ್ರೈವರ್ ಹಾಕಿ, ಬಫರನ್ನು 128ಕ್ಕೆ ಇಳಿಸಿದಾಗ 9ಕ್ಕೆ ಬಂತು. ಕ್ಲಿಕ್ಕಿನ ಮೇಲಿನ ದೂರನ್ನು ಅವನು ಮತ್ತೆ ಎತ್ತಲಿಲ್ಲ.

ಅಂತರ 8 ಮಿಲಿಸೆಕೆಂಡಿಗಿಂತ ಕಡಿಮೆಯಿದ್ದರೆ ಪ್ಲಗಿನ್ ಕೊಳ್ಳಿ. 8ರಿಂದ 12ರವರೆಗೆ ಸ್ಟ್ರಮ್ಮಿಂಗ್‌ಗೆ ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚಾಗಿದ್ದು, ಬಫರ್ ಇಳಿಸಿದರೆ ಧ್ವನಿ ಪಟಪಟನೆ ಒಡೆಯುತ್ತಿದ್ದರೆ, ನಿಮ್ಮ ಲ್ಯಾಪ್‌ಟಾಪಿನ ಶಕ್ತಿ ಅಷ್ಟೇ ಎಂದುಕೊಳ್ಳಿ. ಹಾಗೆ ತೀರ್ಮಾನಿಸುವ ಮುನ್ನ ವೈಫೈ ಆಫ್ ಮಾಡಿ, ವಿಂಡೋಸ್‌ನ ಪವರ್ ಆಯ್ಕೆಯನ್ನು ಹೈ ಪರ್ಫಾರ್ಮೆನ್ಸ್‌ಗೆ ಬದಲಿಸಿ ಇನ್ನೊಮ್ಮೆ ನೋಡಿ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಈ ಪರೀಕ್ಷೆಗೆ ಕೂರಬೇಡಿ. ಅದರ ತಡ ಎಲ್ಲವನ್ನೂ ನುಂಗಿಹಾಕುತ್ತದೆ. ಸೌಂಡ್ ಕಾರ್ಡ್‌ನ ಡೈರೆಕ್ಟ್ ಮಾನಿಟರ್ ಗುಂಡಿ ಆನ್ ಆಗಿದ್ದರೆ ಮೂಲ ಗಿಟಾರೂ ಪ್ಲಗಿನ್ ಧ್ವನಿಯೂ ಒಂದರ ಮೇಲೊಂದು ಬಿದ್ದು ಗೊಂದಲವಾಗುವುದರಿಂದ ಅದನ್ನೂ ಆರಿಸಿ.

ಪ್ಲಗಿನ್ ಕಂಪನಿಗಳಲ್ಲಿ ಹೆಚ್ಚಿನವು ಕೆಲವು ದಿನ ಉಚಿತವಾಗಿ ಬಳಸಲು ಬಿಡುತ್ತವೆ, ರೀಪರ್ ಎಂಬ ಧ್ವನಿಮುದ್ರಣ ತಂತ್ರಾಂಶವನ್ನು 60 ದಿನ ಪರೀಕ್ಷಿಸಬಹುದು. ಆದ್ದರಿಂದ ಸ್ನೇಹಿತರ ಸೌಂಡ್ ಕಾರ್ಡೊಂದನ್ನು ಎರವಲು ತಂದರೆ ಈ ಇಡೀ ಹಂತಕ್ಕೆ ಖರ್ಚೇ ಇಲ್ಲ. ಕೈಯಿಂದ ಕೈಗೆ ಪೆನ್‌ಡ್ರೈವಿನಲ್ಲಿ ಓಡಾಡುವ ಕದ್ದ ಪ್ಲಗಿನ್‌ಗಳನ್ನು ಮಾತ್ರ ನನ್ನ ಕೋಣೆಯ ಕಂಪ್ಯೂಟರಿಗೆ ಹಾಕಗೊಡುವುದಿಲ್ಲ.

ಹಂತ 4: ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಒಂದೇ ಇರಲಿ

ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಧ್ವನಿಯನ್ನು ಬೇಗನೆ ಕೈಬಿಡುತ್ತದೆ. ಡಿಸ್ಟಾರ್ಷನ್, ಅಂದರೆ ಒಡೆದ ಗಡಸು ಧ್ವನಿ, ಹಿತವಾಗಿ ಕೇಳುವುದು ಅದರಿಂದಲೇ. ಆ ಸ್ಪೀಕರಿನ ಕೆಲಸವನ್ನು ಮಾಡೆಲಿಂಗ್‌ನಲ್ಲಿ ಐಆರ್ (ಇಂಪಲ್ಸ್ ರೆಸ್ಪಾನ್ಸ್) ಎಂಬ ಕಡತ ಮಾಡುತ್ತದೆ. ಅದಿಲ್ಲದಿದ್ದರೆ ಜೇನುಗೂಡಿಗೆ ಕಲ್ಲು ಬಿದ್ದಂತಿರುತ್ತದೆ. ಪ್ರೊಸೆಸರಿನಲ್ಲೊಂದು, ಲ್ಯಾಪ್‌ಟಾಪಿನಲ್ಲೊಂದು ಎಂದು ಎರಡಿದ್ದರೆ ಧ್ವನಿ ಮಂಕಾಗುತ್ತದೆ. ಒಂದನ್ನು ಆಫ್ ಮಾಡಿಬಿಡಿ.

ಹಂತ 5: ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ

ಎರಡರ ಧ್ವನಿಯನ್ನು ಹೋಲಿಸಲೇಬೇಕೆಂಬ ಚಪಲವಿದ್ದರೆ, ಎರಡರಲ್ಲೂ ಒಂದೇ ಐಆರ್ ಹಾಕಿ, ಗಟ್ಟಿತನವನ್ನು ಸಮ ಮಾಡಿಕೊಂಡು, ಗಾಯನ ಮತ್ತು ತಬಲದ ಜೊತೆಗೆ ಕೇಳಿ. ಒಂದು ಡೆಸಿಬಲ್ ಗಟ್ಟಿಯಾಗಿರುವುದೇ ಕಿವಿಗೆ ಚೆನ್ನೆನಿಸುತ್ತದೆ. ಬಿಡಿಯಾಗಿ ಕೇಳಿದಾಗ ಭವ್ಯವೆನಿಸಿದ ಗಿಟಾರ್ ಹಾಡಿನೊಳಗೆ ಬಂದು ಗಾಯಕಿಯ ಧ್ವನಿಯನ್ನು ಮುಚ್ಚಿಬಿಡುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಹಂತ 6: ಕರೆಂಟಿನ ಮಾತು

ವಿಡಿಯೊಗಳಲ್ಲಿ ಯಾರೂ ಹೇಳದ ಸಂಗತಿ ಇದು. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲೂ, ಸೌಂಡ್ ಕಾರ್ಡ್ ಯುಎಸ್‌ಬಿಯಿಂದ ಸಿಗುವ ಶಕ್ತಿಯ ಮೇಲೂ ಮುಂದುವರಿಯುತ್ತವೆ. ಅಡಾಪ್ಟರ್ ನೆಚ್ಚಿದ ಪ್ರೊಸೆಸರ್ ಟೇಕ್‌ನ ನಡುವೆಯೇ ಕಣ್ಣು ಮುಚ್ಚುತ್ತದೆ. ಬೇಸಿಗೆಯಲ್ಲಿ ನಮ್ಮಲ್ಲಿ ಇದು ಸಣ್ಣ ಲೆಕ್ಕವಲ್ಲ. ಆದರೆ ಚಾರ್ಜರ್ ಕಿತ್ತ ಕೂಡಲೇ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವ ಲ್ಯಾಪ್‌ಟಾಪ್‌ಗಳಿವೆ. ಹಂತ 3ರ ಪರೀಕ್ಷೆಯನ್ನು ಬ್ಯಾಟರಿಯ ಮೇಲೂ ಒಮ್ಮೆ ಮಾಡಿ.

ಚಾರ್ಜರ್ ಚುಚ್ಚಿದಾಗ ಮಾತ್ರ ಗುಂಯ್ ಎಂಬ ಸದ್ದು ಬಂದರೆ ಮನೆಯ ಅರ್ತ್ ತಂತಿಯನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಮೂರು ಪಿನ್ನಿನಲ್ಲಿ ಅರ್ತ್ ಪಿನ್ನನ್ನು ಕತ್ತರಿಸುವ ಅಡ್ಡದಾರಿಯನ್ನು ಹೇಳಿಕೊಡುವವರಿದ್ದಾರೆ. ಕೈಯಲ್ಲಿ ಲೋಹದ ತಂತಿ ಹಿಡಿದು ಕೂರುವವರು ಆ ಮಾತಿಗೆ ಕಿವಿಗೊಡಕೂಡದು. ಸುತ್ತಲಿನ ವಿದ್ಯುತ್ತಿನ ಗುಂಯ್ ಸದ್ದನ್ನು ಬೇಗ ಹಿಡಿಯುವ ಸಿಂಗಲ್ ಕಾಯಿಲ್ ಪಿಕಪ್ ಆದರೆ ಫ್ಯಾನಿನ ರೆಗ್ಯುಲೇಟರ್ ಮತ್ತು ಲ್ಯಾಪ್‌ಟಾಪಿನಿಂದ ಮಾರು ದೂರ ಸರಿದು, ಗಿಟಾರನ್ನು ಅತ್ತಿತ್ತ ತಿರುಗಿಸಿ ಸದ್ದು ತಗ್ಗುವ ಕೋನ ಹುಡುಕಿಕೊಳ್ಳಿ.

ಹಂತ 7: ಡ್ರೈ ಟ್ರ್ಯಾಕ್ ತಪ್ಪದೆ ಹಿಡಿಯಿರಿ

ಕೆಲವು ವರ್ಷಗಳ ಹಿಂದೆ ಭಕ್ತಿಗೀತೆಯೊಂದಕ್ಕೆ ಮಧುಗಿರಿ ಕಡೆಯ ವಾದಕರೊಬ್ಬರು ನುಡಿಸಿದರು. ಅವರ ಪ್ರೊಸೆಸರಿನ ಹೆಡ್‌ಫೋನ್ ತೂತಿನಿಂದ ನೇರವಾಗಿ, ಡಿಸ್ಟಾರ್ಷನ್ ಎಕೋ ಸಮೇತ, ಒಂದೇ ಟ್ರ್ಯಾಕಿಗೆ ತುಂಬಿಕೊಂಡೆ. ಮೂರು ದಿನ ಬಿಟ್ಟು ಸಂಗೀತ ನಿರ್ದೇಶಕರು ಬಂದು ಗಿಟಾರ್ ಮೆದುವಾಗಬೇಕು ಎಂದರು. ಚಟ್ನಿಯಿಂದ ಮೆಣಸಿನಕಾಯಿ ಹೆಕ್ಕುವುದು ಹೇಗೆ? ವಾದಕರನ್ನು ಇನ್ನೊಮ್ಮೆ ಕರೆಸಿ, ಬಸ್ ಚಾರ್ಜಿನ ಜೊತೆಗೆ ಸಂಭಾವನೆಯನ್ನೂ ಕೈಯಿಂದ ಕೊಟ್ಟೆ.

ಪ್ಲಗಿನ್ ಬಳಸಿದಾಗ ಟ್ರ್ಯಾಕಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಯಾವ ಪರಿಣಾಮವೂ ಸೇರದ ಡ್ರೈ ಗಿಟಾರೇ. ಯುಎಸ್‌ಬಿ ಇರುವ ಹಲವು ಪ್ರೊಸೆಸರ್‌ಗಳೂ ಒಂದು ಚಾನೆಲ್‌ನಲ್ಲಿ ಸಂಸ್ಕರಿಸಿದ ಧ್ವನಿಯನ್ನು, ಇನ್ನೊಂದರಲ್ಲಿ ಡ್ರೈ ಧ್ವನಿಯನ್ನು ಕಳಿಸಬಲ್ಲವು; ಕೊಳ್ಳುವ ಮುನ್ನ ಅಂಗಡಿಯವರಿಂದ ಖಚಿತಪಡಿಸಿಕೊಂಡು, ಆ ಸೌಲಭ್ಯವಿಲ್ಲದ್ದನ್ನು ಅಲ್ಲಿಯೇ ಬಿಟ್ಟು ಬನ್ನಿ. ಹಂತ 3ರಲ್ಲಿ ಸೋತ ಲ್ಯಾಪ್‌ಟಾಪ್ ಇರುವವರಿಗೆ ನಾನು ಹೇಳುವ ದಾರಿಯೂ ಇದೇ: ಇಂಥದೊಂದು ಸಣ್ಣ ಪ್ರೊಸೆಸರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು, ನುಡಿಸುವಾಗ ಅದರ ಧ್ವನಿಯನ್ನೇ ಕೇಳಿಕೊಂಡು, ಡ್ರೈ ಟ್ರ್ಯಾಕನ್ನು ಪಕ್ಕದಲ್ಲಿ ಹಿಡಿದಿಟ್ಟು, ಬಫರನ್ನು 1024ಕ್ಕೆ ಏರಿಸಿಕೊಂಡು ನಿಧಾನವಾಗಿ ಪ್ಲಗಿನ್‌ನಲ್ಲಿ ಅಂತಿಮ ಧ್ವನಿ ಕಟ್ಟುವುದು. ಆಗ ತಡವಾದರೆ ಕೈಗೇನೂ ತೊಂದರೆಯಿಲ್ಲ.

ಕೆಲಸ ಮುಗಿದ ಮೇಲೆ ಸಂಸ್ಕರಿಸಿದ ಧ್ವನಿಯನ್ನೂ ಒಂದು ಬೇರೆ ವೇವ್ ಕಡತವಾಗಿ ತೆಗೆದಿಡಿ, ಏಕೆಂದರೆ ಐದು ವರ್ಷದ ಮೇಲೆ ಆ ಪ್ಲಗಿನ್ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆಯದೆ ಹೋಗಬಹುದು. ಕಡತದ ಹೆಸರಿನಲ್ಲಿ ಹಾಡು, ಶ್ರುತಿ, ವೇಗ, ಬಳಸಿದ ಪಿಕಪ್ ಇಷ್ಟನ್ನೂ ಬರೆಯಿರಿ. "ಫೈನಲ್ 2 ಹೊಸದು" ಎಂಬ ಹೆಸರಿನ ಕಡತಗಳೇ ನನ್ನ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಹನ್ನೊಂದಿವೆ.